ಹಡಗಿನ ಕುದುರೆಗಳ ಐದನೇ ಬಂಡಿ

"ಕೇಳಿರಿ ಕೇಳಿರಿ, ಹೊಂಗಿರಿ ಪಟ್ಟಣದ ಸಮಸ್ತರೂ ಕೇಳಿರಿ. ತೀರಿಹೋದ ರಾಣಿಯವರ ತವರಿನಿಂದ ಹಡಗಿನಲ್ಲಿ ಬಂದ ಎರಡು ಕುದುರೆಗಳು ರಾಶಿಗಟ್ಟಲೆ ಹುಲ್ಲು ತಿಂದು ಒಂದು ಮೂಟೆಯನ್ನೂ ಎಳೆಯದೆ ನಿಂತಿವೆ. ರಾಜಕುಮಾರಿ ಹೊನ್ನಲದೇವಿ ಕೇಳುವ ಮೂರು ಒಗಟು ಬಿಡಿಸಿ, ಕೋಟೆ ಬಾಗಿಲಿಗೆ ಉರುಳಿಬಿದ್ದ ಬಂಡೆಯನ್ನು ಆ ಕುದುರೆಗಳಿಂದಲೇ ಎಳೆಸಿದವರಿಗೆ ಕೇಳಿದ್ದು ಸಿಗುವುದು. ತಪ್ಪಿದವರ ತಲೆ ಹೋಗುವುದು. ಹುಣ್ಣಿಮೆಯೊಳಗೆ ಯಾರೂ ಗೆಲ್ಲದಿದ್ದರೆ ಕುದುರೆಗಳ ತಲೆಯೂ ಹೋಗುವುದು."

ಡಂಗುರದ ಸದ್ದಿಗೆ ತೊಗಲು ಹೊಲಿಯುವ ಮೈಲಾರಿಯ ಬೆರಳಿಗೆ ದಬ್ಬಣ ಚುಚ್ಚಿತು. ಅಂದು ಬೆಳಗಿನಿಂದ ಅದು ಮೂರನೇ ಸಲ. ಕೂತವನು ಎದ್ದ, ಎದ್ದವನು ಬಾಗಿಲ ತನಕ ಹೋಗಿ ಬಂದ.

"ಕಾಲಾಗ ಚಕ್ರ ಕಟ್ಕೊಂಡಿಯೇನೋ? ಒಂದ ಕಡೆ ಕುಂದ್ರು" ಎಂದಳು ತಾಯಿ ಕರೆವ್ವ.

ಕೂರುವುದು ಹೇಗೆ? ರಾಣಿಯ ಜೊತೆ ಬಂದಿದ್ದ ಮುದಿ ಲಾಯದವನು ಎರಡು ವರ್ಷದ ಹಿಂದೆ ಸತ್ತ. ಕುದುರೆಗಳ ಜೊತೆ ಹಡಗಿನಲ್ಲಿ ಬಂದ, ಭಾರ ಎಳೆಯಲು ಕಟ್ಟುವ ತೊಗಲಿನ ಸಾಮಾನು ಹರಿದುಹೋಗಿತ್ತು. ಹೊಸದು ಹೊಲಿದುಕೊಡು ಎಂದು ಅರಮನೆಯಿಂದ ಹೇಳಿಕಳಿಸಿದಾಗ ಮೈಲಾರಿ ಹಳೆಯದನ್ನು ತಿರುಗಿಯೂ ನೋಡದೆ, ಎತ್ತಿಗೆ ಹೊಲಿಯುವ ಕೊರಳಪಟ್ಟಿಯನ್ನೇ ಸ್ವಲ್ಪ ಉದ್ದ ಮಾಡಿ ಕೊಟ್ಟಿದ್ದ. ಎತ್ತಿಗಾದದ್ದು ಕುದುರೆಗಾಗದೇ ಎಂದು ಊರೇ ತಲೆಯಾಡಿಸಿತ್ತು. ಕಳೆದ ತಿಂಗಳು ಪಟ್ಟಿ ರಿಪೇರಿಗೆ ಹೋದವನು ಕುದುರೆಯ ಗಂಟಲು ನೋಡಿದ. ಕೂದಲು ಉದುರಿ ಕೆಂಪು ಗಾಯವಾಗಿತ್ತು. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೇಳಿದರೆ ತನ್ನ ತಲೆ, ಬಾಯಿ ಮುಚ್ಚಿಕೊಂಡಿದ್ದರೆ ಅವುಗಳದ್ದು.

ಅವು ಎಂಥ ಪ್ರಾಣಿಗಳು! ಮೊರದಗಲದ ಗೊರಸು, ಗೊರಸಿನ ಮೇಲೆ ಇಳಿಬಿದ್ದ ಉದ್ದುದ್ದ ಕೂದಲು, ಇಬ್ಬರು ಮಲಗುವಷ್ಟು ಬೆನ್ನು. ಕಾಲ ಬುಡದಲ್ಲಿ ಗುಬ್ಬಿ ಕಾಳು ಹೆಕ್ಕುತ್ತಿದ್ದರೆ ಅದು ಹಾರುವವರೆಗೆ ಎತ್ತಿದ ಕಾಲು ಇಳಿಸುತ್ತಿರಲಿಲ್ಲ. ಹೊಸ ಲಾಯದವರಿಗೆ ಮಾತ್ರ ಅವುಗಳ ಗಾತ್ರ ನೋಡಿಯೇ ಅಂಜಿಕೆ. ಕಾದಾಡಿದರೆ ಕಷ್ಟವೆಂದು ಒಂದನ್ನು ಲಾಯದ ಆ ತುದಿಗೆ, ಇನ್ನೊಂದನ್ನು ಈ ತುದಿಗೆ ಕಟ್ಟಿದ್ದರು.

ಮೊದಲು ಬಂದವನು ದಳವಾಯಿ ಭೈರನಾಯಕ. ಬಂಡೆಯ ಮುಂದೆ ಜನ ಕಿಕ್ಕಿರಿದಿದ್ದರು. ರಾಜಕುಮಾರಿ ನಿಂತಲ್ಲಿ ನಿಲ್ಲಲಾರದೆ ಅತ್ತಿತ್ತ ನಡೆಯುತ್ತಲೇ ಕೇಳಿದಳು.

"ಇವು ನನ್ನ ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದ ಒಗಟುಗಳು. ಉತ್ತರ ಹೇಳುವ ಮೊದಲೇ ಹೋದಳು. ನಿಮ್ಮ ಉತ್ತರ ಸರಿಯೋ ತಪ್ಪೋ ಬಂಡೆಯೇ ಹೇಳಬೇಕು. ಒಂದು: ಮೊದಲು ಕಬ್ಬಿಣ ಹೊತ್ತು ಊರು ಸುಟ್ಟಿತು, ಆಮೇಲೆ ಕಬ್ಬಿಣ ಎಳೆದು ಊರಿಗೆ ಉಣಿಸಿತು, ಯಾರದು? ಎರಡು: ಬಲ ಹಾಕಿದಷ್ಟೂ ಬಲ ಕಳೆದುಕೊಳ್ಳುವುದು ಯಾವುದು, ಆ ಬಲ ಕದ್ದ ಕಳ್ಳ ಯಾರು? ಮೂರು: ಒಂದೊಂದೇ ಎಳೆದರೆ ಎರಡೆರಡು ಬಂಡಿ, ಕೂಡಿ ಎಳೆದರೆ ಐದು. ಆ ಐದನೇ ಬಂಡಿ ಎಳೆದವರು ಯಾರು?"

"ಒಂದಕ್ಕೆ ಸೈನಿಕ. ಎರಡಕ್ಕೆ ಸೋಮಾರಿ, ಕಳ್ಳ ಅವನ ಮೈಗಳ್ಳತನ. ಐದನೇ ಬಂಡಿ ಎಳೆಯುವುದು ಚಾವಟಿ" ಎಂದ ದಳವಾಯಿ. ಚಾವಟಿ ಬೀಸಿದ. ಕುದುರೆಗಳು ಕಣ್ಣು ಹೊರಬರುವಂತೆ ಜಗ್ಗಿ, ಕೆಮ್ಮಿ, ನಿಂತುಬಿಟ್ಟವು. ಹುಣ್ಣಿಮೆ ಕಳೆದ ಮೇಲೆ ತಲೆ ತೆಗೆಯಲೆಂದು ದಳವಾಯಿಯನ್ನು ಸೆರೆಮನೆಗೆ ಹಾಕಿದರು.

ಮರುದಿನ ಅಶ್ವಶಾಸ್ತ್ರದ ಪಂಡಿತ ನರಹರಿ ಓಲೆಗರಿಯ ಕಟ್ಟು ಹೊತ್ತು ಬಂದ. ಒಂದಕ್ಕೆ ಅಗ್ನಿ, ಎರಡಕ್ಕೆ ಮುದುಕ, ಕಳ್ಳ ಶನಿ, ಐದನೆಯದಕ್ಕೆ ಮಂತ್ರ. ಮಂತ್ರ ಮುಗಿಯುವಷ್ಟರಲ್ಲಿ ಒಂದು ಕುದುರೆ ಓಲೆಗರಿಯ ತುದಿ ಜಗಿದಿತ್ತು. ಬಂಡೆ ಮಿಸುಕಲಿಲ್ಲ. ಪಂಡಿತನೂ ಸೆರೆಮನೆ ಸೇರಿದ.

ಹುಣ್ಣಿಮೆಯ ದಿನ ಬೆಳಿಗ್ಗೆ ಮೈಲಾರಿ ಗೋಣಿಚೀಲ ಹೊತ್ತು ಹೊರಟ. ಕರೆವ್ವ ಅಡ್ಡ ನಿಂತಳು.

"ಸಾಯಾಕ ಹೊಂಟಿಯೇನೋ?"

"ಹಿಂಗ ಇರೋದು ಅದಕ್ಕಿಂತ ಕಡೀ ಆಗೇತಿ, ಯವ್ವಾ."

ಅವನನ್ನು ನೋಡಿ ಜನ ನಕ್ಕರು. ರಾಜಕುಮಾರಿ ನಗಲಿಲ್ಲ. ಒಗಟುಗಳನ್ನು ಮತ್ತೆ ಕೇಳಿದಳು.

"ಮೊದಲನೇದು ಇವುಗಳ ವಂಶಾನ ರೀ" ಎಂದ ಮೈಲಾರಿ. "ಮುದಿ ಲಾಯದಾಂವ ಹೇಳತಿದ್ದ. ಅವರ ದೇಶದಾಗ ಮೈತುಂಬ ಕಬ್ಬಿಣ ತೊಟ್ಟ ದಂಡಾಳನ್ನ ಹೊರಾಕ ಇಂಥಾ ದೊಡ್ಡ ಕುದುರಿ ಸಾಕಿದ್ರಂತ. ತೋಪು, ಬಂದೂಕು ಬಂದು ಆ ಉಡುಪು ಮೂಲಿ ಸೇರಿದಾಗ ಇವಕ್ಕ ಕಬ್ಬಿಣದ ನೇಗಲಾ ಕಟ್ಟಿದ್ರು. ಊರು ಸುಟ್ಟಾವೂ ಇವ, ಉಣಿಸಿದಾವೂ ಇವ."

"ಎರಡನೆಯದು?"

ಮೈಲಾರಿ ಕುದುರೆಯ ಗಂಟಲಿನ ಗಾಯ ತೋರಿಸಿದ. "ಅದೂ ಇವ ರೀ. ಎತ್ತಿಗೆ ಹೆಗಲ ಮ್ಯಾಲ ಡುಬ್ಬದಂಗ ಹಿಣಿಲು ಐತಿ, ನೊಗ ಅದಕ್ಕ ಒರಗತೈತಿ. ಕುದುರಿಗೆ ಹಿಣಿಲಿಲ್ಲ. ಎತ್ತಿನ ಪಟ್ಟಿ ಕಟ್ಟಿದ್ರ ಗಂಟಲಿಗೆ ಬೀಳತೈತಿ. ಜಗ್ಗಿದಷ್ಟೂ ಉಸುರು ಕಟ್ಟತೈತಿ."

"ಕಳ್ಳ ಯಾರು?"

"ಆ ಪಟ್ಟಿ ಹೊಲಿದಾಂವ. ನಾನ ರೀ, ಅವ್ವಾರ."

ಅಡ್ಡಾಡುತ್ತಿದ್ದ ರಾಜಕುಮಾರಿ ಮೊದಲ ಸಲ ನಿಂತಳು.

ಮೈಲಾರಿ ಚೀಲ ಬಿಚ್ಚಿದ. ಲಾಯದ ಅಟ್ಟದಲ್ಲಿ ಬಿದ್ದಿದ್ದ ಹರಕು ಸಾಮಾನಿನ ಹೊಲಿಗೆ ಹೊಲಿಗೆ ಬಿಚ್ಚಿ ಕಲಿತು, ಒಳಗೆ ಹುಲ್ಲು ತುಂಬಿ ಹೊಲಿದ ಎರಡು ದಪ್ಪ ತೊಗಲಿನ ಬಳೆಗಳು ಅದರಲ್ಲಿದ್ದವು. ಕುದುರೆಗಳ ಹೆಗಲಿಗೆ ಒರಗುವಂತೆ ಅವನ್ನು ತೊಡಿಸಿದ. ಗಂಟಲಿಗೆ ಬಿಡುವಾಯಿತು. ಆಮೇಲೆ ಎರಡನ್ನೂ ಮೈಗೆ ಮೈ ತಾಗುವಂತೆ ಪಕ್ಕಪಕ್ಕ ನಿಲ್ಲಿಸಿದ. ಒಂದು ಇನ್ನೊಂದರ ಕೊರಳು ಮೂಸಿತು.

"ಮೂರನೇದು ಇದು ರೀ. ಒಂಟಿ ಇದ್ದಾಗ ಅರ್ಧ ಬಲ ಅಂಜಿಕ್ಯಾಗ ಹೋಗತೈತಿ. ಬಾಜೂಕ ತನ್ನ ಜೊತೀದು ಇದ್ರ ಆ ಬಲ ಉಳೀತೈತಿ. ಐದನೇ ಬಂಡಿ ಎಳಿಯೋದು ಅದ."

ಚಾವಟಿ ಎತ್ತಲಿಲ್ಲ, ನಾಲಿಗೆ ಚಪ್ಪರಿಸಿದ ಅಷ್ಟೇ. ಎಂಟು ಗೊರಸು ನೆಲಕ್ಕೆ ಊರಿದವು. ಹಗ್ಗ ಬಿಗಿಯಿತು. ಬಂಡೆ ಒಮ್ಮೆ ನರಳಿ, ಮಣ್ಣು ಸೀಳಿಕೊಂಡು ಅವುಗಳ ಹಿಂದೆ ಹೊರಟಿತು. ಬಾಗಿಲು ತೆರವಾದರೂ ಅವು ನಿಲ್ಲಲೊಲ್ಲವು. ಮೈಲಾರಿ ಅಳುತ್ತ ಮುಂದೆ ಓಡಿ ಅವುಗಳ ಮೂಗು ಹಿಡಿದು ನಿಲ್ಲಿಸಿದ.

ಬಾಗಿಲ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದ ರಾಜ ಮೀಸೆ ತಿರುವಿದ. "ಕಳ್ಳನೆಂದು ನೀನೇ ಒಪ್ಪಿದ್ದೀ. ಬಹುಮಾನ ಕೊಡಲೋ, ಶಿಕ್ಷೆ ಕೊಡಲೋ?"

"ಎರಡೂ ಒಂದೇ ಆಗಲಿ, ಅಪ್ಪಾಜಿ" ಎಂದಳು ರಾಜಕುಮಾರಿ. "ಕದ್ದ ಬಲವನ್ನು ಕಳ್ಳನೇ ಕಾಯಲಿ. ಇವತ್ತಿನಿಂದ ಲಾಯಕ್ಕೆ ಇವನೇ ಒಡೆಯ. ಮೈಲಾರಿ, ಕೇಳಿದ್ದು ಕೊಡುವ ಮಾತೂ ಇದೆ. ಏನು ಬೇಕು?"

"ಸೆರಿಮನ್ಯಾಗಿರೋ ಇಬ್ಬರನ್ನ ಬಿಟ್ಟುಬಿಡ್ರಿ. ಅವರೂ ತಪ್ಪಿದ್ರು, ನಾನೂ ತಪ್ಪಿದೆ. ನಂದ ದೊಡ್ಡದು."

ರಾಜ ಒಪ್ಪಿದ. ಮಧ್ಯಾಹ್ನ ಡಂಗುರದವನು ಹೊಸ ಒಡೆಯನ ಹೆಸರು ಸಾರಲು ಲಾಯದ ಬಾಗಿಲಿಗೆ ಬಂದು ಕೋಲೆತ್ತಿದ. ಹೊಸಿಲಲ್ಲಿ ಕೂತಿದ್ದ ರಾಜಕುಮಾರಿ ಕೈ ಅಡ್ಡ ಹಿಡಿದಳು. ಒಳಗೆ ಎರಡು ಕುದುರೆಗಳ ನಡುವೆ, ಹುಲ್ಲಿನ ಮೇಲೆ, ತಿಂಗಳಿಂದ ಕಣ್ಣು ಮುಚ್ಚದವನು ಗೊರಕೆ ಹೊಡೆಯುತ್ತಿದ್ದ. ಒಂದು ಕುದುರೆ ಎತ್ತಿದ ಕಾಲನ್ನು ಹಾಗೇ ಎತ್ತಿಕೊಂಡು ನಿಂತಿತ್ತು.

"ನಾಳೆ ಬಾರಪ್ಪ" ಎಂದಳು ರಾಜಕುಮಾರಿ.