ಸಣ್ಣೆಲುಬು ಕಾಲಲ್ಲಿ ಉಳಿದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಆಗತಾನೆ ತಿಗುರಿಯಿಂದ ಇಳಿಸಿದ ಮಡಕೆ ಹಾಗೆ. ಬೆಟ್ಟವನ್ನು ಬೆರಳಿಂದ ಒತ್ತಿದರೂ ಗುರುತು ಬೀಳುತ್ತಿತ್ತು.

ಆಗ ಎಲ್ಲವೂ ಮಾತಾಡುತ್ತಿದ್ದವು. ಹಳ್ಳ ಮಾತಾಡುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಮೈಯೊಳಗಿನ ಎಲುಬುಗಳೂ ಮಾತಾಡುತ್ತಿದ್ದವು.

ಕಾಲಿರುವ ಜೀವಕ್ಕೆಲ್ಲ ಮೊಣಕಾಲಿನ ಕೆಳಗೆ ಎರಡೆರಡು ಎಲುಬು. ಒಂದು ದಪ್ಪೆಲುಬು. ಅದು ಮೈಭಾರ ಹೊರುತ್ತಿತ್ತು. ಇನ್ನೊಂದು ಸಣ್ಣೆಲುಬು. ಅದು ಹೊರಮಗ್ಗುಲಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಅದಕ್ಕೆ ಏನು ಕೆಲಸ ಅಂತ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಗಾಳಿ ಬಂತು. ಆ ಸಣ್ಣೆಲುಬು ನನಗೆ ಕೊಡಿ, ಬದಲಿಗೆ ಓಟ ಕೊಡುತ್ತೇನೆ, ರೆಕ್ಕೆ ಇದ್ದವರಿಗೆ ಹಾರಾಟ ಕೊಡುತ್ತೇನೆ ಅಂತು. ಜಿಂಕೆ ಕೊಟ್ಟಿತು. ಕುದುರೆ ಕೊಟ್ಟಿತು. ಕೋಳಿ ಕೊಡಲೋ ಬೇಡವೋ ಅಂತ ಬೆಳಗಿಂದ ಯೋಚಿಸಿ ಅರ್ಧ ಕೊಟ್ಟಿತು. ಅದಕ್ಕೇ ಕೋಳಿ ಹಾರಿದರೆ ಸೂರಿನ ತನಕ ಮಾತ್ರ. ಅದರ ಕಾಲಲ್ಲಿ ಉಳಿದಿರುವುದೂ ಒಂದು ಸೂಜಿಯಷ್ಟೇ.

ಹಳ್ಳದ ದಂಡೆಯಲ್ಲಿ ಇಬ್ಬರು ಮನುಷ್ಯರಿದ್ದರು. ಗಂಡ ಓಬಯ್ಯ, ಹೆಂಡತಿ ಬೋರಕ್ಕ. ಬದನೆ ಸಸಿ ಬೆಳೆಸುತ್ತಿದ್ದರು. ಗಾಳಿ ಅವರ ಹತ್ತಿರವೂ ಬಂತು. ಓಬಯ್ಯ ಆಗಲೇ ಕಾಲು ಚಾಚಿದ್ದ. ಬೋರಕ್ಕ ಅವನ ಕಾಲನ್ನು ಹಿಡಿದು ಹಿಂದಕ್ಕೆ ಎಳೆದಳು.

"ಇರ್ಲಿ ಬಿಡು. ಅದೇನು ಉಣ್ಣಕ್ಕೆ ಕೇಳ್ತದಾ, ಉಡಕ್ಕೆ ಕೇಳ್ತದಾ?"

ಗಾಳಿಗೆ ಬೇಜಾರಾಯಿತು. ನಿಮ್ಮಿಷ್ಟ ಅಂತ ಹೇಳಿ ಹೊರಟುಹೋಯಿತು.

ಬೋರಕ್ಕನಿಗೆ ಒಂದು ಚಟ ಇತ್ತು. ಒಂದು ಖಾರದ ಎಲೆಯನ್ನು ಕೆನ್ನೆಯೊಳಗೆ ಒತ್ತರಿಸಿ ಇಟ್ಟುಕೊಳ್ಳುವಳು. ಬೇಡ ಅಂತ ಓಬಯ್ಯ ಹೇಳುತ್ತಿದ್ದ. ನಿನ್ನ ಮುಖ ನೋಡುತ್ತ ಕೂರುವುದಕ್ಕಿಂತ ಇದೇ ರುಚಿ ಅಂತ ಅವಳು ನಗುತ್ತಿದ್ದಳು.

ಆ ಎಲೆಯ ಸಂದಿಯಲ್ಲಿ ಒಂದು ನುಸಿ ಇತ್ತು. ತೊಲೆಯನ್ನು ಪುಡಿ ಮಾಡುತ್ತದಲ್ಲ, ಅಂಥ ನುಸಿ. ಅದು ಎಲೆಯಿಂದ ಒಸಡಿಗೆ ಇಳಿಯಿತು. ಒಸಡಿಂದ ದವಡೆಗೆ ಇಳಿಯಿತು. ಒಳಗೇ ಕೂತು ತಿನ್ನತೊಡಗಿತು.

ಮೊದಲು ಒಂದು ಹಲ್ಲು ಅಲುಗಿತು. ಆಮೇಲೆ ಕೆನ್ನೆ ಊದಿತು. ಆಮೇಲೆ ಮುದ್ದೆ ನುಂಗಲು ಆಗಲಿಲ್ಲ. ಆಮೇಲೆ ಅಂಬಲಿಯೂ ಬಾಯಿಯ ಪಕ್ಕದಿಂದ ಹೊರಗೆ ಹರಿಯಿತು. ಬೋರಕ್ಕ ಒಣಗುತ್ತ ಹೋದಳು. ಗುಡಿಸಿಲ ಮೇಲೆ ಕಾಗೆ ಬಂದು ಕೂತಿತು. ಓಬಯ್ಯ ಕಲ್ಲು ಬೀಸಿದ. ಅದು ಪಕ್ಕದ ಮರಕ್ಕೆ ಹೋಗಿ ಕೂತಿತು.

ಓಬಯ್ಯ ಮರಕುಟಿಗನನ್ನು ಕರೆದುಕೊಂಡು ಬಂದ. ನುಸಿಯ ವಿಷಯ ಅದಕ್ಕಿಂತ ಬಲ್ಲವರಿಲ್ಲ. ಮರಕುಟಿಗ ದವಡೆಗೆ ಕೊಕ್ಕು ತಾಗಿಸಿ ಕೇಳಿಸಿಕೊಂಡಿತು. ಟೊಳ್ಳು ಸದ್ದು.

ತಿಂದ ಎಲುಬನ್ನೆಲ್ಲ ತೆಗೆಯಬೇಕು ಅಂತು. ತಿಂದದ್ದರ ಪಕ್ಕದಲ್ಲಿ ಚೆನ್ನಾಗಿರುವುದನ್ನೂ ಒಂದಿಷ್ಟು ತೆಗೆಯಬೇಕು. ಇಲ್ಲದಿದ್ದರೆ ನುಸಿ ಕಿವಿಯ ಬುಡಕ್ಕೆ ಹತ್ತುತ್ತದೆ. ಅಲ್ಲಿಗೆ ಹತ್ತಿದರೆ ಮುಗಿಯಿತು.

ತೆಗಿ ಅಂದ ಓಬಯ್ಯ.

"ತೆಗೀಬಹುದು. ಆ ಜಾಗದಲ್ಲಿ ಏನು ಇಡ್ತೀಯ? ದವಡೆ ಇಲ್ಲದಿದ್ರೆ ನಾಲಿಗೆ ಹಿಂದಕ್ಕೆ ಬೀಳ್ತದೆ. ಉಸಿರು ಕಟ್ತದೆ."

ಓಬಯ್ಯ ತನ್ನ ದವಡೆ ತೋರಿಸಿದ. ಇದನ್ನು ತಗೋ ಅಂದ.

ಹಳ್ಳ ಕೇಳುತ್ತಿತ್ತು. ಹರಿಯುವುದನ್ನು ನಿಧಾನ ಮಾಡಿ ಹೇಳಿತು.

"ಆಗಲ್ಲ ಓಬಯ್ಯ. ನಿಂದು ಅವಳ ಮೈಗೆ ಅನ್ಯ. ಅವಳ ಮೈ ಅದನ್ನ ಸೇರಿಸ್ಕೊಳ್ಳಲ್ಲ."

ಅವನು ಮತ್ತೆ ಕೇಳಿದ. ಹಳ್ಳ ಮತ್ತೆ ಅದನ್ನೇ ಹೇಳಿತು. ಅವನು ನೆಲದ ಮೇಲೆ ಕೂತ.

ಮರಕುಟಿಗ ಬೋರಕ್ಕನ ಮೈಯ ಎಲುಬುಗಳನ್ನೇ ಒಂದೊಂದಾಗಿ ಕೇಳಿತು. ನಾನು ಬಂದರೆ ಅವಳು ನಿಲ್ಲುವುದು ಹೇಗೆ ಅಂತು ತೊಡೆ. ನಾವು ಬಂದರೆ ಎದೆಗೆ ಕಾವಲು ಯಾರು ಅಂದವು ಪಕ್ಕೆಗಳು. ತೋಳು ಏನೂ ಹೇಳಲಿಲ್ಲ. ಅದು ಕೊಡ ಹೊರುವ ತೋಳು.

ಆಗ ಕೆಳಗಿನಿಂದ ಒಂದು ಸಣ್ಣ ದನಿ ಬಂತು.

"ನಾನಿದೀನಿ. ನನ್ನ ಯಾರೂ ಕೇಳಲಿಲ್ಲ."

ಸಣ್ಣೆಲುಬು.

ಪಕ್ಕದ ದಪ್ಪೆಲುಬು ಯೋಚನೆ ಮಾಡಿತು. ಹೋಗಲಿ, ಭಾರ ನಾನೇ ಹೊರುತ್ತೇನೆ ಅಂತು. ಆದರೆ ಮೇಲಿನ ತುದಿ ಮೊಣಕಾಲ ಹತ್ತಿರ ಇರಲಿ. ಕೆಳಗಿನ ತುದಿ ಪಾದದ ಹತ್ತಿರ ಇರಲಿ. ಅದು ಇಲ್ಲದಿದ್ದರೆ ಪಾದ ವಾಲುತ್ತದೆ, ಇವಳು ಬೀಳುತ್ತಾಳೆ. ನಡುವಿನದನ್ನು ಮಾತ್ರ ತೆಗೆದುಕೊಳ್ಳಿ.

ನೋವು ತಿಳಿಯದ ಹಾಗೆ ಮಲಗಿಸಬೇಕಿತ್ತು. ಅದಕ್ಕೆ ಗಾಳಿ ಬೇಕು. ಓಬಯ್ಯ ದಿಬ್ಬ ಹತ್ತಿ ಕೂಗಿದ. ಬೇಜಾರಾಗಿ ಹೋಗಿದ್ದ ಗಾಳಿ ಬರದೆಯೂ ಇರಬಹುದಿತ್ತು. ಬಂತು. ಬೋರಕ್ಕನ ಕಣ್ಣ ಮೇಲೆ ಊದಿತು. ಅವಳು ಮಲಗಿದಳು. ಆಮೇಲೆ ಅವಳ ಉಸಿರನ್ನೂ ಅದೇ ಆಡಿಸುತ್ತ ಕೂತಿತು.

"ಹೊತ್ತು ಮುಳುಗೋ ತನಕ ಇರ್ತೀನಿ. ಆಮೇಲೆ ಮೋಡ ತರಕ್ಕೆ ಹೋಗ್ಬೇಕು. ಮಳೆ ಕಾಯಲ್ಲ."

ಮರಕುಟಿಗ ಕೆಲಸ ಶುರು ಮಾಡಿತು. ನುಸಿ ತಿಂದ ದವಡೆಯನ್ನು ತೆಗೆಯಿತು. ನುಸಿಯನ್ನೂ ಹೆಕ್ಕಿ ನುಂಗಿತು. ಎಡಗಾಲಿನ ಸಣ್ಣೆಲುಬಿನ ನಡುಭಾಗವನ್ನು ತೆಗೆದು ಓಬಯ್ಯನ ಕೈಗೆ ಕೊಟ್ಟಿತು.

ಓಬಯ್ಯ ಅದನ್ನು ನೋಡಿದ. ರಕ್ತ, ಮಾಂಸ, ನಾರು ಅಂಟಿಕೊಂಡಿತ್ತು. ಹೆಂಡತಿಯ ಬಾಯಿಗೆ ಹೋಗುವ ವಸ್ತು. ಹೀಗೆ ಕೊಡುವುದು ಹೇಗೆ? ಹಳ್ಳಕ್ಕೆ ಇಳಿದು ಉಜ್ಜಿ ಉಜ್ಜಿ ತೊಳೆದ. ಬೆಳ್ಳಗೆ ಹೊಳೆಯುವ ಹಾಗೆ ತೊಳೆದು ತಂದ.

ಹಾಕಿದರು. ಹೊತ್ತು ನೆತ್ತಿಗೆ ಬಂತು. ಎಲುಬು ಬಿಳುಚಿಕೊಂಡಿತು. ಒಣಗಿತು. ಮುಟ್ಟಿದರೆ ಒಲೆಗೆ ಹಾಕುವ ಪುಳ್ಳೆ ಹಾಗೆ ಸದ್ದು ಮಾಡಿತು. ಸತ್ತಿತ್ತು.

ಮರಕುಟಿಗ ಅದನ್ನು ಕಿತ್ತು ಪಕ್ಕಕ್ಕೆ ಇಟ್ಟಿತು. ಬೋರಕ್ಕನ ಮುಖ ಒಂದು ಕಡೆ ಕುಸಿದಿತ್ತು. ಗಾಳಿ ಉಸಿರು ಆಡಿಸುತ್ತಲೇ ಇತ್ತು. ಮರದ ಮೇಲಿನ ಕಾಗೆ ಒಂದು ಕೊಂಬೆ ಕೆಳಗೆ ಇಳಿಯಿತು.

ಆಗ ಹಳ್ಳ ಕೇಳಿತು.

"ಓಬಯ್ಯ, ಬದನೆ ಸಸಿನ ಮಡಿಯಿಂದ ಹೊಲಕ್ಕೆ ಹೆಂಗೆ ಒಯ್ತೀಯ?"

"ಬೇರಿನ ಮಣ್ಣು ಸಮೇತ."

"ಬೇರು ತೊಳೀತೀಯ?"

ಓಬಯ್ಯ ತನ್ನ ಕೈ ನೋಡಿಕೊಂಡ.

ಹಳ್ಳ ತಿಳಿಸಿ ಹೇಳಿತು. ಸಣ್ಣೆಲುಬಿನ ಪಕ್ಕದಲ್ಲೇ ಒಂದು ರಕ್ತದ ತೊರೆ ಹರಿಯುತ್ತದೆ. ಎಲುಬಿಗೆ ನೀರುಣಿಸುವುದು ಅದೇ. ಎಲುಬನ್ನು ಒಂದೇ ತರಬೇಡಿ. ಅದರ ತೊರೆ ಸಮೇತ, ಅದರ ಸುತ್ತಲಿನ ಮಾಂಸ ಸಮೇತ ತನ್ನಿ. ಆ ತೊರೆಯನ್ನು ಕತ್ತಿನ ತೊರೆಗೆ ಸೇರಿಸಿ. ಆಗ ಬದುಕುತ್ತದೆ.

ಇನ್ನು ಉಳಿದದ್ದು ಬಲಗಾಲು. ಇದೂ ಹೋದರೆ ಇನ್ನಿಲ್ಲ.

ಮರಕುಟಿಗ ಕೊಕ್ಕು ಎತ್ತಿತು. ತಡಿ ಅಂತು ಹಳ್ಳ. ಪಾದಕ್ಕೆ ಇಳಿಯುವ ದೊಡ್ಡ ತೊರೆ ಮೂರು. ಒಂದನ್ನು ನಾವು ಒಯ್ಯುತ್ತೇವೆ. ಮಿಕ್ಕ ಎರಡು ಪಾದಕ್ಕೆ ಸಾಕಾಗಬೇಕು. ಕೆಲವರ ಕಾಲಲ್ಲಿ ಅವು ಬತ್ತಿರುತ್ತವೆ. ಬತ್ತಿದ್ದರೆ ಪಾದ ಸಾಯುತ್ತದೆ. ಮೊದಲು ನೋಡಬೇಕು.

ಹಳ್ಳ ತೋರಿಸಿದ ಜಾಗವನ್ನು ಓಬಯ್ಯ ಹೆಬ್ಬೆರಳಿಂದ ಒತ್ತಿ ಹಿಡಿದ. ಆ ಒಂದು ತೊರೆ ನಿಂತಿತು. ಇನ್ನೊಂದು ಕೈಯಲ್ಲಿ ಅವಳ ಕಾಲ್ಬೆರಳುಗಳನ್ನು ಹಿಡಿದುಕೊಂಡ. ತಣ್ಣಗಾಗುತ್ತವಾ, ಇಲ್ಲವಾ. ಹಿಡಿದೇ ಇದ್ದ. ನೆರಳು ಅವನ ಬೆನ್ನು ದಾಟಿತು. ಹಿಡಿದೇ ಇದ್ದ.

"ಬೆಚ್ಚಗಿದೆ," ಅಂದ.

ತೆಗೆದರು. ಈ ಸಲ ತೊರೆ ಸಮೇತ ತೆಗೆದರು. ಓಬಯ್ಯ ಅಂಗೈ ಮೇಲೆ ಹಿಡಿದು ತಂದ. ಒರೆಸಲೂ ಇಲ್ಲ.

ಸಣ್ಣೆಲುಬು ನೆಟ್ಟಗಿತ್ತು. ದವಡೆ ಬಾಗಿದ ಎಲುಬು. ಬುಟ್ಟಿ ಹೆಣೆಯುವವರು ಬಿದಿರಿಗೆ ಕಚ್ಚು ಹಾಕಿ ಬಗ್ಗಿಸುತ್ತಾರಲ್ಲ, ಮರಕುಟಿಗ ಹಾಗೆ ಕಚ್ಚು ಹಾಕಿ ಬಗ್ಗಿಸಿತು. ತೊರೆಗೆ ಮಾತ್ರ ಕೊಕ್ಕು ತಾಗಿಸಲಿಲ್ಲ. ಗೂಡು ನೇಯುವ ಗೀಜಗ ಬಂತು. ಕಾಲಿನ ತೊರೆಯನ್ನು ಕತ್ತಿನ ತೊರೆಗೆ ಸೇರಿಸಿ ಹೊಲಿಯಿತು. ಕೂದಲಿಗಿಂತ ಸಣ್ಣ ನಾರು. ನೋಡುವವರಿಗೇ ಕಣ್ಣು ನೋಯುತ್ತಿತ್ತು.

ಸೂರ್ಯ ದಿಬ್ಬದ ತಲೆಗೆ ತಾಗಿದ. ಗಾಳಿ ಎದ್ದು ನಿಂತಿತು. ಎಲುಬಿನ ಜೊತೆ ಬಂದ ಮಾಂಸಕ್ಕೆ ಒಂದು ಮುಳ್ಳು ಚುಚ್ಚಿ ನೋಡಿ ಅಂತು ಹಳ್ಳ. ಕೆಂಪು ಬಂದರೆ ಬದುಕಿದೆ.

ಮರಕುಟಿಗ ಜಾಲಿಮುಳ್ಳು ಚುಚ್ಚಿತು.

ಬರಲಿಲ್ಲ.

ಮತ್ತೆ ಚುಚ್ಚಿತು. ಬರಲಿಲ್ಲ. ಮಾಂಸ ಬಿಳುಚುತ್ತಿತ್ತು.

ನಾನು ಹೊರಡಬೇಕು ಅಂತು ಗಾಳಿ. ಓಬಯ್ಯ ಅದರ ಕಡೆ ತಿರುಗಿದ.

"ಒಂದು ಗಳಿಗೆ ಇರು," ಅಂದ.

ಗಾಳಿ ಹೋಗಲಿಲ್ಲ.

ಹಳ್ಳ ಬಾಗಿ ನೋಡಿತು. ನೀರು ಎಲ್ಲಿ ನಿಲ್ಲುತ್ತದೆ ಅಂತ ಹಳ್ಳಕ್ಕೆ ಗೊತ್ತು. ತೊರೆ ನುಲಿದಿದೆ ಅಂತು. ಹೊಲಿಗೆ ಚೆನ್ನಾಗಿದೆ, ಆದರೆ ಹೊಲಿಯುವಾಗ ಒಂದು ಸುತ್ತು ತಿರುಗಿಕೊಂಡಿದೆ. ಗೀಜಗ ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿತು. ನುಲಿ ಬಿಡಿಸಿತು. ಮತ್ತೆ ಹೊಲಿಯಿತು.

ಮುಳ್ಳು ಚುಚ್ಚಿದರು.

ಒಂದು ಹನಿ. ಕೆಂಪು.

ಮರದ ಮೇಲಿನ ಕಾಗೆ ಹಾರಿ ಹೋಯಿತು. ಗಾಳಿ ಅವಳ ಉಸಿರು ಆಡಿಸುವುದನ್ನು ಮೆಲ್ಲಗೆ ಬಿಟ್ಟಿತು. ಬೋರಕ್ಕನ ಎದೆ ನಿಂತಿತು. ಆಮೇಲೆ ತಾನಾಗಿಯೇ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಗಾಳಿ ಮೋಡ ತರಲು ಹೋಯಿತು.

ದಿನಗಳು ಹೋದವು. ಊತ ಇಳಿಯಿತು. ಬೋರಕ್ಕ ಕೋಲು ಹಿಡಿದು ಅಂಗಳದ ತನಕ ನಡೆದಳು. ಬೀಳಲಿಲ್ಲ. ಮಾತು ಮಾತ್ರ ಬಂದಿರಲಿಲ್ಲ. ಉಣ್ಣುವುದೂ ಇರಲಿಲ್ಲ. ಓಬಯ್ಯ ಜೊಂಡಿನ ಕೊಳವೆಯಲ್ಲಿ ಹಾಲು ಇಳಿಸುತ್ತಿದ್ದ.

ಒಂದು ಬೆಳಿಗ್ಗೆ ಅವನು ಅಂಬಲಿ ಕಾಸಿ ತಂದು ಮುಂದೆ ಇಟ್ಟ. ಅವಳು ಎರಡೂ ಕೈಯಲ್ಲಿ ಬಟ್ಟಲು ಎತ್ತಿದಳು. ಒಂದು ಗುಟುಕು ಕುಡಿದಳು. ಹೊರಗೆ ಹರಿಯಲಿಲ್ಲ. ನುಂಗಿದಳು. ಬಟ್ಟಲು ಕೆಳಗೆ ಇಟ್ಟಳು.

"ಉಪ್ಪೇ ಹಾಕಿಲ್ಲ," ಅಂದಳು.

ಓಬಯ್ಯ ಉಪ್ಪು ತರಲು ಒಳಗೆ ಹೋದ. ಬೇಗ ಹೊರಗೆ ಬರಲಿಲ್ಲ.

ಆಮೇಲೆ ಬೋರಕ್ಕ ಎಷ್ಟು ಕಾಲ ಇದ್ದಳು ಅಂತ ಕಥೆಯಲ್ಲಿ ಇಲ್ಲ. ಉಂಡಳು. ಬೈದಳು. ನಕ್ಕಳು, ಬಾಯಿ ಒಂದು ಕಡೆ ಸೊಟ್ಟ ಆಗುತ್ತಿತ್ತು. ಅಷ್ಟು ಇದೆ.

ಅವತ್ತಿನಿಂದ ಮನುಷ್ಯರು ಸಣ್ಣೆಲುಬನ್ನು ಗಾಳಿಗೆ ಕೊಡಲಿಲ್ಲ. ಅದಕ್ಕೇ ನಾವು ಜಿಂಕೆಯಷ್ಟು ಓಡುವುದಿಲ್ಲ. ಇವತ್ತಿಗೂ ದವಡೆ ಹೋದವರಿಗೆ ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟೋ ಸಲ ಅಲ್ಲಿಂದಲೇ ಎಲುಬು ತೆಗೆದು ಹಾಕುತ್ತಾರೆ, ತೊರೆ ಸಮೇತ.

ಬೇಕಾದರೆ ನಿನ್ನ ಕಾಲನ್ನೇ ನೋಡಿಕೋ ಕೂಸೇ, ಪಾದದ ಮೇಲೆ ಹೊರಗಿನ ಗಂಟು ಒಳಗಿನ ಗಂಟಿಗಿಂತ ಸ್ವಲ್ಪ ಕೆಳಗಿದೆ. ನಡುಭಾಗ ಹೋದ ಮೇಲೂ ಬೋರಕ್ಕ ಬೀಳಬಾರದು ಅಂತ ಸಣ್ಣೆಲುಬಿನ ಉಳಿದ ಕೆಳತುದಿ ಬಗ್ಗಿ ಅವಳ ಪಾದ ಹಿಡಿದುಕೊಂಡ ಜಾಗ ಅದು.