ಕಳೆ ಕಿತ್ತ ಗವಿಯ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಕಾಳಮ್ಮನವರು. ಗವಿರಂಗಸ್ವಾಮಿ ಗುಡಿಯ ಜಗಲಿಯಲ್ಲಿ ತುಳಸಿ ಮಾಲೆ ಕಟ್ಟುತ್ತ ಹೇಳುತ್ತಿದ್ದರು. ಕೇಳುವವರೆಲ್ಲ ನಗುವಲ್ಲಿ ಅವರು ಮಾತ್ರ ಸ್ವಾಮಿಯ ಕಡೆ ನೋಡುತ್ತಿದ್ದರು. ಸ್ವಾಮಿಯನ್ನೂ ಅವರನ್ನೂ ನೆನೆದು ಹೇಳುತ್ತೇನೆ.

ಒಂದೂರಲ್ಲಿ ಹೊನ್ನಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಮಗ ಗವಿಯ ಆಳೆತ್ತರದವನು, ಬುದ್ಧಿ ಮಾತ್ರ ಅಂಗೈಯಗಲ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು, ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. ಅಪ್ಪ ಕಣ್ಣು ಮುಚ್ಚುವಾಗ ಹೇಳಿದ್ದ, "ಮಗಾ, ಕಳೆ ಕಂಡರೆ ಬಿಡಬೇಡ. ಬೇರುಸಮೇತ ಕಿತ್ತುಹಾಕು." ಅಂದಿನಿಂದ ಅವರ ರಾಗಿ ಹೊಲದಲ್ಲಿ ಕಳೆ ಅನ್ನುವುದೇ ಇರಲಿಲ್ಲ. ಮಗಳು ಚಿಕ್ಕತಾಯಿ. ಅಪ್ಪ ಹೋದಮೇಲೆ ಆ ಹುಡುಗಿ ನಕ್ಕಿದ್ದನ್ನು ಕಂಡವರಿರಲಿಲ್ಲ.

ಚಿಕ್ಕತಾಯಿಗೆ ಗಂಡು ಗೊತ್ತಾಯಿತು. ವೈಶಾಖದಲ್ಲಿ ಮದುವೆ. ಗಂಡಿನ ಮನೆಯಲ್ಲಿ ಅಜ್ಜಿ ಮುದ್ದಮ್ಮನ ಮಾತೇ ಮಾತು. ಆ ಅಜ್ಜಿ ಬಂದು ಹುಡುಗಿಯ ಗದ್ದ ಹಿಡಿದು ನೋಡಿ, "ಗುಣ ಚಿನ್ನ. ಆದರೆ ಮುಖದಲ್ಲಿ ಕಳೆಯೇ ಇಲ್ಲವಲ್ಲ ತಾಯಿ. ಧಾರೆ ಹೊತ್ತಿಗೂ ಹಿಂಗೇ ಇದ್ದರೆ ನನ್ನ ಕೈಯಿಂದ ಅಕ್ಷತೆ ಬೀಳಲ್ಲ" ಅಂದಳು.

ಗವಿಯ ಎದೆ ಉಬ್ಬಿಸಿದ. "ಒಂದೂ ಇಲ್ಲ ಅಜ್ಜಿ. ನಮ್ಮ ಹೊಲದಲ್ಲೂ ಇಲ್ಲ, ಬೇಕಾದ್ರೆ ಬಂದು ನೋಡು."

"ಬಾಯಿ ಮುಚ್ಚೋ, ಪೆದ್ದ" ಅಂದಳು ಹೊನ್ನಮ್ಮ. ಒಳಗೇ ಅವಳ ಜೀವ ಸಣ್ಣಗಾಗಿತ್ತು. ಅಕ್ಷತೆ ಬೀಳದೆ ಮಗಳು ಹಸೆಯಿಂದ ಎದ್ದು ಬಂದರೆ ಊರ ಬಾಯಿ ಯಾರು ಮುಚ್ಚಿಸುತ್ತಾರೆ? ಪೇಟೆಯಿಂದ ಮೇಕಪ್ಪಿನ ಲೀಲಕ್ಕನನ್ನೇ ಕರೆಸುವುದು, ಮುಖಕ್ಕೆ ಕಳೆ ತರಿಸುವುದು ಅಂತ ನಿಶ್ಚಯ ಮಾಡಿದಳು.

ಮೊದಲು ಕಾಡಿಗೆ ಕಲಸುವುದಕ್ಕೆ ಬೆಣ್ಣೆ ಬೇಕಾಯಿತು. ಗವಿಯ ಹೋದ, ಅಂಗೈಯಲ್ಲಿ ಇಟ್ಟುಕೊಂಡು ಬಂದ. ಉರಿಬಿಸಿಲು. ಮನೆ ಸೇರುವಾಗ ಬೆಣ್ಣೆ ಮೊಣಕೈಯಲ್ಲಿತ್ತು, ಹಿಂದೆ ಮೂರು ನಾಯಿ.

"ಥೂ ನಿನ್ನ. ಒದ್ದೆ ಬಟ್ಟೇಲಿ ಸುತ್ತಿ, ನೀರು ಕಂಡಲ್ಲೆಲ್ಲ ಅದ್ದಿ ಅದ್ದಿ ತರಬೇಕು ಕಣೋ."

"ಆಗಲಿ ಕಣವ್ವ, ಮುಂದಿನ ಸಲ ಹಂಗೇ."

ಮುಂದಿನ ಸಲ ಪೌಡರು. ಬಟ್ಟೆಯಲ್ಲಿ ಸುತ್ತಿದ, ಕೆರೆ ಕಂಡಿತು ಅದ್ದಿದ, ಕಾಲುವೆ ಕಂಡಿತು ಅದ್ದಿದ, ದನದ ತೊಟ್ಟಿ ಕಂಡಿತು, ಅದನ್ನೂ ಬಿಡಲಿಲ್ಲ. ಗಂಟು ಬಿಚ್ಚಿದರೆ ದೋಸೆಹಿಟ್ಟು.

"ಹೆಂಚು ಕಾಯಿಸ್ಲೇನೋ? ಇಂಥದ್ದು ನೆಂದ್ರೆ ಬಂಡೆ ಮೇಲೆ ಹರವಿ, ಗರಿಗರಿ ಒಣಗಿಸಿ ತರಬೇಕು."

"ಆಗಲಿ ಕಣವ್ವ, ಮುಂದಿನ ಸಲ ಹಂಗೇ."

ಮುಂದಿನ ಸಲ ಮಲ್ಲಿಗೆ ದಂಡೆ. ಹೂವಾಡಗಿತ್ತಿ ನೀರು ಚಿಮುಕಿಸಿ ಕೊಟ್ಟಿದ್ದಳು. ನೆಂದಿದೆಯಲ್ಲ ಅಂತ ಗವಿಯ ಬಂಡೆಯ ಮೇಲೆ ಹರವಿದ, ಗರಿಗರಿ ಒಣಗಿಸಿ ತಂದ. ಹೊನ್ನಮ್ಮ ಹಣೆ ಚಚ್ಚಿಕೊಂಡಳು. "ಬಾಡುವಂಥದ್ದಕ್ಕೆ ಒದ್ದೆ ಗೋಣಿ ಹೊದಿಸಿ ತಂಪಾಗಿ ತರಬೇಕು ಕಣೋ ನನ್ನಪ್ಪ."

"ಆಗಲಿ ಕಣವ್ವ, ಮುಂದಿನ ಸಲ ಹಂಗೇ."

ಮದುವೆಯ ದಿನ ಬೆಳಗ್ಗೆ ಲೀಲಕ್ಕನನ್ನು ಕರೆತರಲು ಗಾಡಿ ಹೂಡಿದ. ದಾರಿಯಲ್ಲಿ ಅವಳು, "ಏನು ಸೆಕೆ ಮಾರಾಯ, ಬಾಡಿಹೋದೆ" ಅಂದಳು. ಅಷ್ಟೇ ಸಾಕಾಯಿತು. ಗಾಡಿಯಿಂದ ಇಳಿದದ್ದು ನೀರು ತೊಟ್ಟಿಕ್ಕುವ ಒಂದು ಗೋಣಿಚೀಲ, ಅದರೊಳಗಿಂದ ಲೀಲಕ್ಕನ ಬೈಗುಳ.

"ಮನುಷ್ಯರು ಕಣೋ!" ಹೊನ್ನಮ್ಮನಿಗೆ ಅಳುವೇ ಬಂತು. "ಮನುಷ್ಯರ ಮುಖ ಬೆವೆತ್ರೆ ತಣ್ಣೀರಲ್ಲಿ ಚೌಕ ಅದ್ದಿ ಒರೆಸಬೇಕು."

"ಆಗಲಿ ಕಣವ್ವ, ಮುಂದಿನ ಸಲ ಹಂಗೇ."

ಲೀಲಕ್ಕ ಸಿಟ್ಟು ನುಂಗಿ ಕದ ಹಾಕಿಕೊಂಡು ಕೂತಳು. ಪೆಟ್ಟಿಗೆ ತೆಗೆದು ಹುಬ್ಬು ತೀಡಿದಳು, ಕೆನ್ನೆಗೆ ಬಣ್ಣ ಕೊಟ್ಟಳು, ತುಟಿಗೆ ಕೆಂಪು, ಗದ್ದಕ್ಕೆ ದೃಷ್ಟಿಬೊಟ್ಟು. ಕದ ತೆಗೆದಾಗ ಹೆಂಗಸರೆಲ್ಲ, "ಅಬ್ಬಾ, ಏನು ಕಳೆ ಬಂತೇ ಮುಖಕ್ಕೆ" ಅಂದರು. ಹೊನ್ನಮ್ಮನಿಗೆ ಹೋದ ಉಸಿರು ಬಂದಂತಾಯಿತು.

ಗವಿಯನಿಗೆ ಇದ್ದ ಉಸಿರು ಹೋಯಿತು. ಕಳೆ ಬಂತೇ? ತಂಗಿಯ ಮುಖಕ್ಕೇ?

ಧಾರೆಯ ಹೊತ್ತು. ಚಪ್ಪರದ ಕೆಳಗೆ ಕಾವಲಿಯ ಕಾವು. ನಡುವೆ ಅಂತರಪಟ. ಆಚೆ ಗಂಡು, ಗಂಡಿನ ಪಕ್ಕ ಅಕ್ಷತೆ ಹಿಡಿದ ಮುದ್ದಮ್ಮ. ಈಚೆ ಚಿಕ್ಕತಾಯಿ, ಅವಳ ಬೆನ್ನಿಗೆ ಅಣ್ಣ. ಹುಡುಗಿಯ ಹಣೆಯಲ್ಲಿ ಬೆವರು ಮೂಡಿತು. ಗವಿಯ ಕಳಶದ ನೀರಲ್ಲಿ ಚೌಕ ಅದ್ದಿದ. ಹಣೆ ಒರೆಸಿದ, ಕೆನ್ನೆ ಒರೆಸಿದ, ಗದ್ದ ತಿಕ್ಕಿದ. ಹೊನ್ನಮ್ಮ ಓಡಿ ಬರುವಷ್ಟರಲ್ಲಿ ಲೀಲಕ್ಕನ ಬಣ್ಣವೆಲ್ಲ ಚೌಕಕ್ಕೆ ಬಂದಿತ್ತು.

"ಏನು ಮಾಡಿದ್ಯೋ ಪಾಪಿ?"

"ಕಳೆ ಬಂದಿತ್ತು ಕಣವ್ವ, ಕಿತ್ತುಹಾಕಿದೆ" ಅಂದ ಗವಿಯ. ಆಮೇಲೆ ತಂಗಿಯ ಕಿವಿಯ ಹತ್ತಿರ ಬಗ್ಗಿ, ಥೇಟು ಅಪ್ಪನ ದನಿಯಲ್ಲೇ, "ಬೇರುಸಮೇತ ಮಗಾ, ಬೇರುಸಮೇತ" ಅಂದ.

ಚಿಕ್ಕತಾಯಿಗೆ ಏನಾಯಿತೋ. ಕಣ್ಣಲ್ಲಿ ನೀರು ತುಂಬಿತು, ಅದು ಕೆನ್ನೆಗೆ ಇಳಿಯುವ ಮೊದಲೇ ನಗು ಉಕ್ಕಿತು. ತಡೆದಳು, ನಿಲ್ಲಲಿಲ್ಲ. ಅದೇ ಗಳಿಗೆಗೆ ಪುರೋಹಿತರು ಅಂತರಪಟ ಸರಿಸಿದರು.

ಗರ್ಭಗುಡಿಯ ತೆರೆ ಸರಿದು, ಮಂಗಳಾರತಿಯ ಬೆಳಕು ಸ್ವಾಮಿಯ ಮುಖದ ಮೇಲೆ ಬಿದ್ದ ಹಾಗಾಯಿತು. ಓಲಗದವನು ಊದುವುದನ್ನು ಮರೆತ. ಲೀಲಕ್ಕ ತನ್ನ ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು. ಹೊನ್ನಮ್ಮನ ಕೈ ತಾನಾಗಿ ಮುಗಿಯಿತು; ಯಾರಿಗೆ ಮುಗಿದೆ ಅಂತ ಅವಳಿಗೇ ತಿಳಿಯಲಿಲ್ಲ. ಮುದ್ದಮ್ಮನ ಮುಷ್ಟಿಯಿಂದ ಅಕ್ಷತೆ ಬಿತ್ತು.

"ಈಗ ಬಂತು ನೋಡು," ಅಂದಳು ಮುದುಕಿ, "ಇದು ಕಳೆ."

ಗವಿಯ ಬೆಚ್ಚಿಬಿದ್ದ. "ಇಷ್ಟು ಬೇಗ ಮತ್ತೆ ಬಂತಾ?" ಅಂದವನೇ ಹಿತ್ತಿಲಿಗೆ ಓಡಿದ. ಬರುವಾಗ ಕೈಯಲ್ಲಿ ಕಳೆಗುದ್ದಲಿ.

ಮಾಂಗಲ್ಯ ಕಟ್ಟಿದ್ದು ನಾಲ್ಕು ಜನ ಗವಿಯನನ್ನು ಕಂಬಕ್ಕೆ ಒತ್ತಿ ಹಿಡಿದಿದ್ದಾಗ.

ಕೇಳಿದವರೇ, ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಎಲ್ಲಾದರೂ ಮದುಮಗಳೊಬ್ಬಳು ಶೃಂಗಾರಕ್ಕೆ ಕೂತು ಮುಖ ಬಿಗಿದುಕೊಂಡಿದ್ದರೆ ಅವಳಿಗೆ ಹೇಳಿ. ಗುದ್ದಲಿಯನ್ನು ಮಾತ್ರ ಮೊದಲೇ ಅಟ್ಟಕ್ಕೆ ಹಾಕಿ.