ಸಂಗವ್ವ ಬರುವತನಕ

ಯಾವ ರೋಗಿಯ ಮಂಚದ ಬಳಿ ಹೋದರೂ ಗುರುಸಿದ್ಧಮ್ಮ ತಾಯಿಯವರು ಮೊದಲು "ಕುಂಡ್ರಲೇನವಾ?" ಎಂದು ಕೇಳುತ್ತಿದ್ದರು. ಪ್ರಜ್ಞೆ ತಪ್ಪಿದವರನ್ನೂ ಕೇಳಿ, ಸ್ವಲ್ಪ ತಡೆದು, ಆಮೇಲೇ ನೆಲದ ಮೇಲೆ ಕೂರುತ್ತಿದ್ದರು. ಧರ್ಮಾಸ್ಪತ್ರೆಯ ಹೆಂಗಸರ ವಾರ್ಡೇ ಅವರಿಗೆ ಮಠವಾಗಿದ್ದ ಕಾಲವದು.

ಕಾರವಾರದ ಕಡೆಯ ಸಿಸ್ಟರ್ ಜೆಸಿಂತಾಗೆ ಇದೆಲ್ಲ ನಾಟಕದಂತೆ ಕಾಣುತ್ತಿತ್ತು. ಆಪರೇಷನ್‌ಗೆ ಹೋಗುವವರ ಬಳೆ, ಓಲೆ, ತಾಳಿ, ತಾಯಿತ ಬಿಚ್ಚಿಸಿ ಕವರಿನಲ್ಲಿಡುವುದು ಹನ್ನೆರಡು ವರ್ಷಗಳಿಂದ ಅವಳ ಕೆಲಸ. ಆ ಬೆಳಿಗ್ಗೆ, ಹೊಟ್ಟೆಯಲ್ಲಿ ಗಡ್ಡೆಯಾಗಿದ್ದ ಸಂಗವ್ವ ಎಲ್ಲವನ್ನೂ ಕೊಟ್ಟು, ಕೊರಳ ಇಷ್ಟಲಿಂಗವನ್ನು ಮಾತ್ರ ಎದೆಗೊತ್ತಿಕೊಂಡಳು.

"ಇದು ಮೈಮ್ಯಾಲಿಲ್ದಾಗ ಜೀವ ಹೋದ್ರ ನಾ ಯಾರಾಕಿ ಆಗ್ತೀನಿ, ಸಿಸ್ಟರವ್ವಾ? ಬ್ಯಾಡ, ನನ್ನ ಮನೀಗೆ ಕಳಸ್ರಿ."

"ಮನೆಗೆ ಹೋದ್ರೆ ತಿಂಗಳೂ ಉಳಿಯಲ್ಲ ಅಂತ ಡಾಕ್ಟರು ಹೇಳಿದ್ದಾರಲ್ಲ," ಎಂದ ಜೆಸಿಂತಾ, ಮಂಚದ ಪಕ್ಕ ನೆಲದಲ್ಲಿ ಕುಳಿತಿದ್ದ ತಾಯಿಯವರತ್ತ ತಿರುಗಿದಳು. "ನೀವೇ ಹೇಳಿ ಅಮ್ಮ. ನಿಮ್ಮ ದೇವರಿಗೆ ಎರಡು ಗಂಟೆ ಕವರಿನಲ್ಲಿರೋಕೆ ಆಗಲ್ವಾ?"

ತಾಯಿಯವರು ನಕ್ಕರು. "ದೇವ್ರಿಗೆ ಆಗ್ತದ. ಈಕಿಗೆ ಆಗಂಗಿಲ್ಲ."

ಎಡ ಅಂಗೈ ಚಾಚಿ ಸಂಗವ್ವನಿಗೆ, "ನೀ ಬರೂತನಕ ಇಲ್ಲೇ ಇರ್ತದ. ಹೋಗಿ ಬಾ," ಎಂದರು.

ಸಂಗವ್ವ ಆ ಅಂಗೈಯನ್ನು ಬಹಳ ಹೊತ್ತು ನೋಡಿದಳು. ಲಿಂಗವನ್ನು ಅದರ ಮೇಲಿಟ್ಟು, ಯಾರ ಆಸರೆಯೂ ಇಲ್ಲದೆ ಸ್ಟ್ರೆಚರ್ ಹತ್ತಿದಳು.

ಎರಡು ಗಂಟೆ ಎಂದದ್ದು ಐದಾಯಿತು. ಥಿಯೇಟರಿನ ಬಾಗಿಲೆದುರು ತಾಯಿಯವರು ಅಂಗೈಯಲ್ಲಿ ದೃಷ್ಟಿಯಿಟ್ಟು ಅಲುಗದೆ ಕುಳಿತಿದ್ದರು. ಕಿಟಕಿಯ ಬಿಸಿಲು ಗೋಡೆಯಿಂದಿಳಿದು, ನೆಲದಲ್ಲಿ ಹರಿದು, ಅವರ ಮಡಿಲೇರಿ, ಅಂಗೈ ದಾಟಿ ಹೋಯಿತು. ಗಾಲಿಗಳ ಸದ್ದು, ಯಾರದೋ ಕೆಮ್ಮು ಎಲ್ಲ ನೀರಿನಡಿಯಿಂದ ಬಂದಂತಿತ್ತು. ಮೊದಲ ಸಲ ಜೆಸಿಂತಾ ಸರಸರನೆ ದಾಟಿಹೋದಳು. ಮುಂದಿನ ಸಲ ಅವಳ ಹೆಜ್ಜೆ ತಾನಾಗಿಯೇ ಮೆತ್ತಗಾಯಿತು. ಆಮೇಲೆ ನೀರು ತಂದಳು, ತಾಯಿಯವರು ಕಣ್ಣೆತ್ತಲಿಲ್ಲ. ಲೋಟ ಹಿಡಿದು ಅಲ್ಲೇ ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೇ ತಿಳಿಯದು.

ಸಂಗವ್ವನನ್ನು ಹೊರತಂದಾಗ ಉಸಿರು ನೆಮ್ಮದಿಯಾಗಿ ಆಡುತ್ತಿತ್ತು, ಕಣ್ಣು ಮುಚ್ಚಿತ್ತು. ತಾಯಿಯವರು ಲಿಂಗವನ್ನು ಅವಳ ಕೈಗಿಟ್ಟರು. ಎಚ್ಚರ ಬರುವ ಮೊದಲೇ ಬೆರಳುಗಳು ಮೆಲ್ಲನೆ ಅದರ ಸುತ್ತ ಮುಚ್ಚಿಕೊಂಡವು.

ಜೆಸಿಂತಾ ನೆಲದಲ್ಲೇ ಕುಳಿತು ತಾಯಿಯವರ ಮರಗಟ್ಟಿದ ತೋಳನ್ನು ತಿಕ್ಕತೊಡಗಿದಳು. ನಾಳೆಯ ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಂಗಸರಿದ್ದರು.

"ಅಮ್ಮ, ಬಿಚ್ಚಿ ಕೊಡಿ ಅಂತ ಕೇಳೋಳು ನಾನೇ. ಅವರು ಕೊಡುವಾಗ ನಾನೇನು ಹೇಳಬೇಕು ಅಂತ ಕಲಿಸ್ತೀರಾ?"

ತಾಯಿಯವರ ಕಣ್ಣು ಸಂಗವ್ವನ ಮುಚ್ಚಿದ ಬೆರಳುಗಳ ಮೇಲೇ ಇತ್ತು. ಜೆಸಿಂತಾ ಇನ್ನೂ ಮೆಲ್ಲಗೆ, ಮತ್ತೊಮ್ಮೆ ಕೇಳಿದಳು.

"ಕಲಿಸ್ತೀರಾ?"